ಸಪೂರ ಕಂಡಕ್ಟರನ ತೋರ ಅಂಗಿಗಳು

ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಸೀಟಿ ಊದಿದವನಿಗೆ ನಗೆಯ ಸಂಗತಿಗಳನ್ನು ಹುಡುಕಿಕೊಂಡು ಹೋಗುವ ಕೆಲಸ ಇಲ್ಲ. ಅವೇ ಅಲ್ಲಲ್ಲಿ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿ ಹತ್ತುತ್ತವೆ. ಹೆಚ್ಚಿನವು ಬೇರೆಯವರ ಕಥೆಗಳು. ಆದರೆ ಒಂದು ಬೇಸಿಗೆಯಲ್ಲಿ ಹತ್ತಿದ್ದೆಲ್ಲ ನನ್ನದೇ ಕಥೆ, ಅದಕ್ಕೆ ಕಾರಣ ನನ್ನ ಹಳೆ ಅಂಗಿಗಳು.

ನಾವು ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷ ಆಗಿತ್ತಷ್ಟೆ. ನಾನು ಪುತ್ತೂರಿನಿಂದ ಸುಳ್ಯದ ದಾರಿಯಾಗಿ ಸಂಪಾಜೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಮನೆ ಕುಂಬ್ರದಲ್ಲಿ, ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ನನ್ನ ಮೈ ಆಗ ಹೇಗಿತ್ತು ಅಂದರೆ ಸೀಟುಗಳ ನಡುವೆ ನಾನು ನೇರ ನಡೆಯಲಿಕ್ಕೆ ಆಗುತ್ತಿರಲಿಲ್ಲ, ಓರೆ ಆಗಿಯೇ ಹೋಗಬೇಕು. ನಾನು ಹತ್ತಿರ ಬಾರದೆ ಇದ್ದರೆ ಸಾಕು ಅಂತ ಜನ ದೂರದಿಂದಲೇ ಚಿಲ್ಲರೆ ಚಾಚುತ್ತಿದ್ದರು.

ಆ ಮೈಯನ್ನು ನೋಡಿಯೇ ಅರಂತೋಡಿನ ಕೃಷಿಕರೊಬ್ಬರು ಮಗಳನ್ನು ಕೊಡಲಿಕ್ಕೆ ಒಪ್ಪಿದ್ದು. "ಆಳು ಗಟ್ಟಿ ಉಂಟು. ಹೊಟ್ಟೆಗೆ ಕಡಿಮೆ ಇಲ್ಲದ ಮನೆ ಅಂತ ನೋಡಿದ ಕೂಡಲೇ ಗೊತ್ತಾಗ್ತದೆ" ಅಂದರಂತೆ. ನಿಶ್ಚಯ ಆಯಿತು, ಮದುವೆ ಬೇಸಿಗೆಯ ಕೊನೆಗೆ ಅಂತ ದಿನವೂ ಇಟ್ಟಾಯಿತು. ನಿಶ್ಚಯದ ದಿನ ನಾನು ಹೊಸ ಕಪ್ಪು ಕೋಟು ಹಾಕಿ, ತಲೆಗೆ ರುಮಾಲು ಸುತ್ತಿ, ಮೀಸೆಗೆ ಎಣ್ಣೆ ಹಚ್ಚಿ ಕೂತಿದ್ದೆ. ಹುಡುಗಿ ಬಾಗಿಲ ಹತ್ತಿರ ಒಮ್ಮೆ ನಿಂತು ಹೋದಳು. ಅವಳು ನನ್ನ ಒಂದು ಬದಿ ಮಾತ್ರ ನೋಡಿರಬೇಕು, ಪೂರಾ ನೋಡಲಿಕ್ಕೆ ಅಷ್ಟು ಹೊತ್ತು ಸಾಕಾಗುತ್ತಿರಲಿಲ್ಲ. ನಾನು ಮಾತ್ರ ಅವಳನ್ನು ಸರಿಯಾಗಿಯೇ ನೋಡಿದೆ, ಮತ್ತೆ ಬೇರೆ ಯಾರನ್ನೂ ನೋಡುವುದು ಬೇಡ ಅಂತ ಆಯಿತು.

ಒಂದೇ ತಿಂಗಳಿಗೆ ನನಗೆ ಟೈಫಾಯ್ಡ್ ಹಿಡಿಯಿತು. ನಲವತ್ತು ದಿನ ಗಂಜಿ ತಿಳಿ ಕುಡಿದು ಎದ್ದಾಗ ನಾನು ಅರ್ಧ ಉಳಿದಿದ್ದೆ. ತಲೆಕೂದಲು ಗೊಂಚಲು ಗೊಂಚಲು ಉದುರಿತು. ಕ್ಷೌರದವ ಬಂದು ಉಳಿದದ್ದನ್ನೂ ಬೋಳಿಸಿ, "ಮೀಸೆ ಒಂದೇ ಇದ್ರೆ ಚಂದ ಕಾಣುದಿಲ್ಲ" ಅಂತ ಅದನ್ನೂ ತೆಗೆದ.

ಆ ಕಾಲದಲ್ಲಿ ಸಪೂರ ಆಗುವುದು ಯಾರಿಗೂ ಸಂತೋಷದ ಸುದ್ದಿ ಅಲ್ಲ. ತೋರ ಇದ್ದವ ಸಪೂರ ಆದ ಅಂದರೆ ಊರಿಗೆ ಒಂದೇ ಕಾಯಿಲೆ ಗೊತ್ತು, ಕ್ಷಯ. ಹುಡುಗನಿಗೆ ಕ್ಷಯ ಅಂತ ಅರಂತೋಡಿಗೆ ಸುದ್ದಿ ಹೋದರೆ ಮದುವೆ ಮುರಿಯಿತು ಅಂತಲೇ ಅರ್ಥ. ಆ ಮನೆ ಇದ್ದದ್ದೋ ನನ್ನ ಬಸ್ಸು ಹೋಗುವ ದಾರಿಯಲ್ಲಿ. ಸುದ್ದಿ ಹೊತ್ತುಕೊಂಡು ಹೋಗುವವರಿಗೆ ಟಿಕೆಟು ಹರಿದು ಕೊಡಬೇಕಾದವ ನಾನೇ!

ಇನ್ನು ಪೆಟ್ಟಿಗೆಯ ತುಂಬ ಅಂಗಿ. ನಾಲ್ಕು ಜೊತೆ ಖಾಕಿ, ಮೂರು ಬಿಳಿ ಅಂಗಿ, ಆ ಕೋಟು. ಇವನ್ನು ಎಂತ ಮಾಡುದು?

ಅಮ್ಮ ಖಡಾಖಂಡಿತ ಹೇಳಿದಳು: "ಒಂದಕ್ಕೂ ಕತ್ತರಿ ತಾಗಿಸ್ಬೇಡ. ಅಂಗಿ ಸಣ್ಣ ಮಾಡಿದ್ರೆ ಮೈ ಅಷ್ಟಕ್ಕೇ ನಿಲ್ತದೆ. ಇದನ್ನೇ ಹಾಕು, ಮೈ ತಾನಾಗಿ ಬಂದು ತುಂಬ್ತದೆ."

೧. ಮೂರನೆಯ ಕೈ

ಅಮ್ಮನ ಮಾತು ಕೇಳಿ ಹಳೆ ಖಾಕಿ ಅಂಗಿ, ಹಳೆ ಖಾಕಿ ಚಡ್ಡಿಯಲ್ಲೇ ಕೆಲಸಕ್ಕೆ ಹೋದೆ. ಚಡ್ಡಿಗೆ ಸೊಂಟದಲ್ಲಿ ಬಾಳೆನಾರು ಕಟ್ಟಿದ್ದೆ. ಕೌಡಿಚ್ಚಾರು ದಾಟುವಷ್ಟರಲ್ಲಿ ನಾರು ತುಂಡಾಯಿತು.

ಒಂದು ಕೈಯಲ್ಲಿ ಟಿಕೆಟಿನ ಕಟ್ಟು, ಇನ್ನೊಂದು ಕೈಯಲ್ಲಿ ಚಡ್ಡಿ, ಬಾಯಲ್ಲಿ ಸೀಟಿ. ಮೇಲಿನ ಸರಳು ಹಿಡಿಯಲಿಕ್ಕೆ ಮೂರನೆಯ ಕೈ ದೇವರು ಕೊಡಲಿಲ್ಲ. ಜಾಲ್ಸೂರಿನ ತಿರುವಿನಲ್ಲಿ ಒಂದು ದನ ಅಡ್ಡ ಬಂತು, ಡ್ರೈವರ್ ಗಕ್ಕನೆ ಬ್ರೇಕು ಹಾಕಿದ. ಸರಳು ಹಿಡಿಯುವುದಾ, ಚಡ್ಡಿ ಹಿಡಿಯುವುದಾ ಅಂತ ಆಲೋಚನೆ ಮಾಡಲಿಕ್ಕೆ ಪುರುಸೊತ್ತು ಇರಲಿಲ್ಲ. ಮರ್ಯಾದಸ್ಥ ಮನೆಯವ, ಚಡ್ಡಿಯನ್ನೇ ಹಿಡಿದೆ. ಹೋಗಿ ಧೊಪ್ಪನೆ ಬಿದ್ದದ್ದು ಎದುರು ಸೀಟಿನಲ್ಲಿದ್ದ, ಮೊದಲಿಂದಲೂ ನನ್ನ ಗುರುತಿದ್ದ ಒಬ್ಬ ಅಜ್ಜಿಯ ಮಡಿಲಿಗೆ.

ಬಸ್ಸಿಡೀ ಎದ್ದು ನಿಂತಿತು. ಚಡ್ಡಿ ಬಿಡದೆಯೇ ಎದ್ದು, "ಅಜ್ಜೀ, ಪೆಟ್ಟಾಯ್ತಾ?" ಅಂತ ಕೇಳಿದೆ. ಅಜ್ಜಿ ನನ್ನ ಬೆನ್ನು ಸವರಿದರು.

"ಎಂತದೂ ಆಗ್ಲಿಲ್ಲ ಮಗಾ. ಮೊದಲಿನ ಹಾಗೆ ಇದ್ದು ಬಿದ್ದಿದ್ರೆ ನಾನು ಇಲ್ಲೇ ಸಾಯ್ತಿದ್ದೆ. ನಿನಗೆ ಜ್ವರ ಬಂದದ್ದು ಭಾರೀ ಒಳ್ಳೆದಾಯ್ತು!"

೨. ಟೈಲರ ಪಟ್ಟು

ಇದು ಆಗುವ ಹೋಗುವ ಸಂಗತಿ ಅಲ್ಲ ಅಂತ ಅಮ್ಮನಿಗೆ ಹೇಳದೆ ಪುತ್ತೂರಿನ ಟೈಲರ ಹತ್ತಿರ ಎಲ್ಲವನ್ನೂ ಕಟ್ಟಿಕೊಂಡು ಹೋದೆ. ಈ ಮನುಷ್ಯ ಹತ್ತು ವರ್ಷದಿಂದ ನನಗೆ ಹೊಲಿಯುತ್ತಿದ್ದವರು. ವರ್ಷಕ್ಕೆ ಎರಡಿಂಚು ನಾನು ಬೆಳೆಯುತ್ತೇನೆ ಅಂತ ಅವರಿಗೆ ಗೊತ್ತು, ಹಾಗಾಗಿ ಪ್ರತಿ ಅಂಗಿಯ ಒಳಗೂ ಅರ್ಧ ಅಂಗಿಗೆ ಆಗುವಷ್ಟು ಬಟ್ಟೆ ಮಡಚಿ ಇಡುತ್ತಿದ್ದರು.

ಕನ್ನಡಕ ಏರಿಸಿ ಅಳತೆಯ ಪುಸ್ತಕ ನೋಡಿದರು. ನನ್ನನ್ನು ನೋಡಿದರು. ಮತ್ತೆ ಪುಸ್ತಕ ನೋಡಿದರು.

"ಅಂಗಿ ದೊಡ್ಡ ಆಗಿದೆ, ಸಣ್ಣ ಮಾಡಿ ಕೊಡಿ" ಅಂದೆ.

"ಅಂಗಿ ದೊಡ್ಡ ಆಗ್ಲಿಲ್ಲ" ಅಂದರು ಅವರು. "ನನ್ನ ಪುಸ್ತಕದಲ್ಲಿ ಇದ್ದಷ್ಟೇ ಉಂಟು. ನನ್ನ ಕೆಲಸ ಸರಿ ಉಂಟು. ತಪ್ಪಿದ್ದು ನೀವು."

"ತಪ್ಪು ನಂದೇ ಮಾರಾಯ್ರೆ. ಈಗ ಸಣ್ಣ ಮಾಡಿ."

"ಬಿಚ್ಚಿ ದೊಡ್ಡ ಮಾಡುದಾದ್ರೆ ಈಗಲೇ ಮಾಡ್ತೇನೆ. ನಿಮಗಾಗಿಯೇ ಬಟ್ಟೆ ಬಿಟ್ಟದ್ದು. ಸಣ್ಣ ಮಾಡುದಾದ್ರೆ ಹತ್ತು ವರ್ಷದ ಹೊಲಿಗೆ ಎಲ್ಲ ಬಿಚ್ಚಬೇಕು. ಅದರ ಬದಲು ನೀವು ಒಂದು ಕೆಲಸ ಮಾಡಿ."

"ಎಂತ?"

"ಮುಂದಿನ ತಿಂಗಳು ಬನ್ನಿ. ಅಷ್ಟರಲ್ಲಿ ದಿನಕ್ಕೆ ಎರಡು ಮೊಟ್ಟೆ, ಒಂದು ಕುಡ್ತೆ ಹಾಲು. ಅಂಗಿ ಸರಿ ಆಗ್ತದೆ."

ಡಾಕ್ಟರು ಎರಡು ಮಾತ್ರೆ ಕೊಟ್ಟು ಮುಗಿಸಿದ್ದರು. ಪಥ್ಯ ಬರೆದುಕೊಟ್ಟದ್ದು ಟೈಲರು.

೩. ಬೈರಾಸು

ಮದುವೆಗೆ ಒಂದೂವರೆ ತಿಂಗಳು ಉಳಿದಿತ್ತು. ಮಾವ ಆಗುವವರು ಯಾವಾಗ ಬೇಕಾದರೂ ಅರಂತೋಡಿನಲ್ಲಿ ಬಸ್ಸಿನ ಹತ್ತಿರ ಬಂದು ನಿಲ್ಲಬಹುದು. ಹಗಲಿನ ಟ್ರಿಪ್ಪಿನಲ್ಲಿ ಅಲ್ಲಿ ಬಸ್ಸು ನಿಂತ ಕೂಡಲೇ ನಾನು ಹಿಂದಿನ ಏಣಿಯಲ್ಲಿ ಟಾಪಿಗೆ ಏರಿ ಸಾಮಾನಿನ ಮರೆಯಲ್ಲಿ ಕೂರುತ್ತಿದ್ದೆ. ಎಷ್ಟು ದಿನ ಅಂತ ಹಾಗೆ ಕೂರುದು?

ಉಪಾಯ ಹೇಳಿದ್ದು ಅಮ್ಮ. "ಮೈ ಬರುವವರೆಗೆ ಒಳಗೆ ಎಂತದಾದ್ರೂ ತುಂಬ್ಸು." ಎರಡು ಬನಿಯನ್, ಅದರ ಮೇಲೆ ಒಂದು ಸ್ವೆಟರ್, ಹೊಟ್ಟೆಗೆ ಸುತ್ತ ಮೈ ಒರೆಸುವ ಎರಡು ಬೈರಾಸು, ಮೇಲೆ ಖಾಕಿ ಅಂಗಿ. ಬೆಳಗ್ಗೆ ಕನ್ನಡಿ ನೋಡುವಾಗ ನನಗೇ ಸಂತೋಷ ಆಯಿತು. ಹಳೆ ನಾನು ಬಂದು ಎದುರು ನಿಂತಿದ್ದೆ.

ಏಪ್ರಿಲ್ ತಿಂಗಳ ಸೆಕೆ ಗೊತ್ತಲ್ಲ ನಿಮಗೆ. ಪುತ್ತೂರು ಬಿಡುವಾಗಲೇ ಬೆವರು ಶುರುವಾಯಿತು. ಸುಳ್ಯದಲ್ಲಿ ಜನ ತುಂಬಿದರು, ಹತ್ತುವ ಇಳಿಯುವ ಗಡಿಬಿಡಿಯಲ್ಲಿ ಒಂದು ಬೈರಾಸಿನ ತುದಿ ಅಂಗಿಯ ಕೆಳಗಿನಿಂದ ಹೊರಗೆ ಬಂತು. ನನಗೆ ಗೊತ್ತಾಗಲಿಲ್ಲ. ಸೀಟಿನಲ್ಲಿ ಕೂತಿದ್ದ ಒಬ್ಬ ಕರಿಮೆಣಸಿನ ವ್ಯಾಪಾರಿ, ಬೆವರಲ್ಲಿ ನೆನೆದು ಚಂಡಿಯಾದ ಮನುಷ್ಯ, ಯಾರದ್ದೋ ಬೈರಾಸು ನೇತಾಡುತ್ತಾ ಉಂಟು ಅಂತ ಅದರಲ್ಲಿ ಮುಖ ಒರೆಸಿದರು. ಒರೆಸಲಿಕ್ಕೆ ಇನ್ನೂ ಸ್ವಲ್ಪ ಬೇಕಾಯಿತು, ಎಳೆದರು. ನಾನು ಟಿಕೆಟು ಕೊಡುತ್ತಾ ಮುಂದೆ ಹೋದ ಹಾಗೆ ಬೈರಾಸು ಸುತ್ತು ಸುತ್ತಾಗಿ ಬಿಚ್ಚಿಕೊಂಡು ಅವರ ಕೈಗೇ ಹೋಯಿತು. ಅದರ ಹಿಂದೆ ಎರಡನೆಯದ್ದೂ ಹೋಯಿತು.

ಪೆರಾಜೆ ದಾಟಿ ಅರಂತೋಡು ಹತ್ತಿರ ಬಂದಾಗ ಚಡ್ಡಿ ಜಾರಿತು, ಆಗ ಗೊತ್ತಾಯಿತು. ವ್ಯಾಪಾರಿ ಎರಡು ಬೈರಾಸು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

"ಕಂಡಕ್ಟ್ರೆ, ಈ ದಾರಿ ಇಷ್ಟು ಹಾಳು ಅಂತ ನನಗೆ ಗೊತ್ತಿರ್ಲಿಲ್ಲ" ಅಂದರು ಅವರು. "ಸುಳ್ಯ ಬಿಡುವಾಗ ನೀವು ತೋರ ಇದ್ರಿ. ಆರೇಳು ಮೈಲು ಬರುವಷ್ಟರಲ್ಲಿ ಇಷ್ಟು ಇಳಿದುಹೋದ್ರಲ್ಲ!"

೪. ಗಂಟು

ಅದೇ ವಾರ ಬಸ್ಸಿನಲ್ಲಿ ಇಬ್ಬರು ಅರಂತೋಡಿನವರು, ಆ ಹುಡುಗ ನಾನೇ ಅಂತ ಗೊತ್ತಿಲ್ಲದೆ, ನನ್ನ ಬೆನ್ನ ಹಿಂದೆಯೇ ಮಾತಾಡಿದರು. "ಆ ಮನೆಯ ಹುಡುಗಿಗೆ ನಿಶ್ಚಯ ಆದವನಿಗೆ ಕ್ಷಯವಂತೆ. ಹುಡುಗಿಯ ಅಪ್ಪ ಒಮ್ಮೆ ಬಂದು ನೋಡ್ತಾರಂತೆ." ಆ ದಿನ ಯಾರಿಗೆ ಯಾವ ಊರಿನ ಟಿಕೆಟು ಕೊಟ್ಟೆನೋ ದೇವರಿಗೇ ಗೊತ್ತು.

ಮನೆಗೆ ಬಂದವನಿಗೆ ಸಿಟ್ಟು ನೆತ್ತಿಗೇರಿತು. ಕ್ಷಯ ಇಲ್ಲ, ಕೆಮ್ಮು ಇಲ್ಲ, ಎರಡು ಹೊತ್ತು ಉಣ್ಣುತ್ತೇನೆ. ನನ್ನನ್ನು ರೋಗಿ ಮಾಡುತ್ತಿರುವುದು ಈ ಅಂಗಿಗಳು! ಸಪೂರದವನಿಗೆ ಸಪೂರ ಅಂಗಿ ಹಾಕಿದರೆ ಅವ ಬರೀ ಸಪೂರ. ತೋರದ ಅಂಗಿ ಹಾಕಿದರೆ ಮಾತ್ರ ಅವ ರೋಗಿ. ಅಮ್ಮ ಕಡಬದ ತವರಿಗೆ ಹೋಗಿದ್ದಳು, ತಡೆಯುವವರು ಯಾರೂ ಇರಲಿಲ್ಲ. ಹೊಸ ಖಾಕಿ ಎರಡು ಜೊತೆ ಬೇರೆ ಟೈಲರ ಹತ್ತಿರ ಹೊಲಿಸಿ ತಂದೆ. ಆದಿತ್ಯವಾರ ಬೆಳಗ್ಗೆ ನಮ್ಮ ಮಡಿವಾಳರನ್ನು ಕರೆಸಿ, ಹಳೆಯದ್ದೆಲ್ಲ ಒಟ್ಟು ಮಾಡಿ ಒಂದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟೆ. ಕೋಟು ಗಂಟಿನೊಳಗೆ ಹಿಡಿಯಲಿಲ್ಲ, ಮೇಲೆ ಹಾಸಿ ಕಟ್ಟಿದೆ.

"ಕೋಟೂ ಬೇಡವಾ?" ಅಂತ ಅವರು ಎರಡು ಸಲ ಕೇಳಿದರು.

"ಎಂತದೂ ಬೇಡ. ನನ್ನ ಕಣ್ಣಿಂದ ದೂರ ಆಗ್ಲಿ" ಅಂದೆ.

ಸಿಟ್ಟಿನಲ್ಲಿ ನಾನು ಮರೆತದ್ದು ಒಂದು ವಿಷಯ. ನಮ್ಮ ಕಡೆ ಒಬ್ಬನ ಬಟ್ಟೆ ಪೂರಾ ಒಟ್ಟಿಗೆ ಮಡಿವಾಳರಿಗೆ ಹೋಗುವುದು ಒಂದೇ ಸಂದರ್ಭದಲ್ಲಿ, ಅವ ತೀರಿಕೊಂಡ ಮೇಲೆ. ಬದುಕಿದ್ದವ ಒಂದು ಹಳೆ ಅಂಗಿ ಕೊಡಬಹುದು, ಎರಡು ಕೊಡಬಹುದು. ನಿಶ್ಚಯದ ಕೋಟು ಸಮೇತ ಗಂಟು ಕಟ್ಟಿ ಯಾರೂ ಕೊಡುವುದಿಲ್ಲ.

ಮಡಿವಾಳರು ಗಂಟು ತಲೆಯ ಮೇಲೆ ಇಟ್ಟು ಕುಂಬ್ರದ ಬಸ್ಸು ನಿಲ್ಲುವ ಜಾಗದಲ್ಲೇ ಹಾದು ಹೋದರಂತೆ. ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುವ ಮನುಷ್ಯ. ಅಲ್ಲಿ ಕಾಯುತ್ತಿದ್ದ ಅರಂತೋಡಿನ ಒಬ್ಬರು, ನಿಶ್ಚಯದ ದಿನ ನೋಡಿದ್ದ ಕೋಟಿನ ಗುರುತು ಹಿಡಿದು ಕೇಳಿದರಂತೆ.

"ಇದು ಕಂಡಕ್ಟರದ್ದು ಅಲ್ವಾ?"

"ಹೌದು."

"ಪೂರಾ ಕೊಟ್ರಾ?"

"ಪೂರಾ ಕೊಟ್ರು."

"ಯಾವಾಗ?"

"ಇವತ್ತು ಬೆಳಗ್ಗೆ."

ಕೇಳಿದವರು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರಂತೆ. ಅಷ್ಟರಲ್ಲಿ ಬಂದ ಬಸ್ಸಿನಲ್ಲಿ ಬೇರೆ ಕಂಡಕ್ಟರ್, ಯಾಕೆಂದರೆ ಆ ದಿನ ಮಧ್ಯಾಹ್ನದವರೆಗೆ ನನಗೆ ರಜೆ. ಇನ್ನು ಯಾವ ಸಾಕ್ಷಿ ಬೇಕು? ನಾನು ಮನೆಯಲ್ಲಿ ಕುಚ್ಚಲಕ್ಕಿ ಅನ್ನ, ಬಸಳೆ ಪದಾರ್ಥ ಹೊಟ್ಟೆ ತುಂಬ ಉಣ್ಣುತ್ತಿದ್ದ ಹೊತ್ತಿಗೆ ಅರಂತೋಡಿನಲ್ಲಿ ನಾನು ಸತ್ತಾಗಿತ್ತು.

೫. ಮೊದಲ ಬಸ್ಸು

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಸಂಜೆಯ ಟ್ರಿಪ್ಪಿನಲ್ಲಿ ಸಂಪಾಜೆಗೆ ಹೋಗಿ ಅಲ್ಲೇ ಉಳಿದು, ಸೋಮವಾರ ಬೆಳಗ್ಗೆ ಮೊದಲ ಬಸ್ಸು ತೆಗೆದುಕೊಂಡು ಬಂದೆವು. ನಾಲ್ಕೈದು ಜನ ಕೊಡಗಿನ ಕಡೆಯವರು ಕೂತಿದ್ದರು, ನನ್ನ ಗುರುತು ಇದ್ದವರು ಡ್ರೈವರ್ ಒಬ್ಬರೇ. ಹೊಸ ಖಾಕಿ ಅಂಗಿ ಮೈಗೆ ಸರಿಯಾಗಿ ಕೂತಿತ್ತು. ಟಾಪಿಗೆ ಓಡಿಹೋಗುವುದು ಇನ್ನು ಬೇಡ, ಮಾವ ಸಿಕ್ಕಿದರೆ ನೇರ ಮುಖ ಕೊಟ್ಟು ಮಾತಾಡುದು ಅಂತ ನಾನು ಗಟ್ಟಿ ಮನಸ್ಸು ಮಾಡಿದ್ದೆ.

ಅರಂತೋಡಿನಲ್ಲಿ ಮಾವನೇ ನಿಂತಿದ್ದರು. ಕೈಯಲ್ಲಿ ಕೊಡೆ, ಮುಖ ಬಾಡಿಹೋಗಿತ್ತು. ನನ್ನ ಗಟ್ಟಿ ಮನಸ್ಸು ಅಲ್ಲೇ ಕರಗಿತು. ಪುಣ್ಯಕ್ಕೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಎರಡು ಮಣಭಾರದ ಮುಡಿ ಅಕ್ಕಿ ಟಾಪಿಗೆ ಏರಿಸಲಿಕ್ಕೆ ಇತ್ತು. ಹೆದರಿಕೆಯಲ್ಲಿ ಒಂದರ ಹಿಂದೆ ಒಂದು ಮುಡಿ ಹೆಗಲಿಗೆ ಹಾಕಿ ಏಣಿ ಹತ್ತಿ ಇಳಿದೆ. ಮಾವ ಬಾಗಿಲ ಹತ್ತಿರದ ಸೀಟಿನಲ್ಲಿ ಕೂತು ನೋಡುತ್ತಿದ್ದರು. ಇನ್ನು ಬೈಗುಳ ಶುರುವಾಗುತ್ತದೆ ಅಂತ ತಲೆ ತಗ್ಗಿಸಿ ಹತ್ತಿರ ಹೋದೆ.

"ಕುಂಬ್ರಕ್ಕೆ ಒಂದು" ಅಂದರು ಅವರು. "ಕಂಡಕ್ಟ್ರೆ, ನೀವು ಹೊಸಬರಾ? ಇದರಲ್ಲಿ ಮೊದಲು ಇದ್ದ ಕಂಡಕ್ಟರ ಮನೆ ಗೊತ್ತುಂಟಾ? ಪಾಪ, ನಿನ್ನೆ ತೀರಿಕೊಂಡ್ರಲ್ಲ, ಅಲ್ಲಿಗೆ ಹೋಗ್ಬೇಕು."

ನಾನು ನನ್ನನ್ನೇ ಒಮ್ಮೆ ನೋಡಿಕೊಂಡೆ. ಬೋಳು ತಲೆ, ಮೀಸೆ ಇಲ್ಲ, ಅರ್ಧ ಮೈ, ಹೊಸ ಅಂಗಿ. ಅವರಿಗೆ ನನ್ನ ಗುರುತೇ ಸಿಕ್ಕಿರಲಿಲ್ಲ. ನನ್ನ ಸಾವಿನ ಮನೆಗೆ ನಾನೇ ಟಿಕೆಟು ಹರಿದು ಕೊಟ್ಟೆ.

ಕೂಡಲೇ ನಿಜ ಹೇಳಬೇಕಿತ್ತು. ಆದರೆ ಮಾವ ನನ್ನ ಗುಣಗಾನಕ್ಕೆ ಶುರು ಮಾಡಿಬಿಟ್ಟರು. "ಎಂಥ ಹುಡುಗ ಮಾರಾಯ್ರೆ! ಒಂದು ದುಶ್ಚಟ ಇಲ್ಲ, ಒಂದು ಜೋರು ಮಾತಿಲ್ಲ." ಇಂಥ ಮಾತು ಮನುಷ್ಯನಿಗೆ ಬದುಕಿರುವಾಗ ಎಲ್ಲಿ ಕೇಳಲಿಕ್ಕೆ ಸಿಗ್ತದೆ? ಪೆರಾಜೆಯವರೆಗೆ ಕೇಳುವಾ ಅಂತ ಎದುರಿನ ಸೀಟಿಗೆ ಒರಗಿ ನಿಂತೆ.

"ಮಗಳದ್ದೇ ಸಂಕಟ" ಅಂದರು ಅವರು. "ನಿಮಗೆ ಹೇಳ್ಬಾರದು, ಆದ್ರೂ ಹೇಳ್ತೇನೆ. ನಿಶ್ಚಯದ ದಿನ ಅವಳು, 'ಅಪ್ಪಾ, ಅಷ್ಟು ತೋರದವರು ಬೇಡ' ಅಂತ ಒಂದು ಮಾತು ಹೇಳಿದ್ದಳು. ನಾನೇ ಬೈದು ಒಪ್ಪಿಸಿದ್ದು. ಈಗ ತನ್ನ ಬಾಯಿಂದಲೇ ಹೀಗಾಯ್ತು ಅಂತ ನಿನ್ನೆ ಮಧ್ಯಾಹ್ನದಿಂದ ಅನ್ನ ಮುಟ್ಲಿಲ್ಲ. ಕೂತು ಅಳ್ತಾ ಇದ್ದಾಳೆ."

ನನ್ನ ಕಣ್ಣಿನಲ್ಲೂ ನೀರು ಬಂತು. ಇನ್ನು ಸುಮ್ಮನೆ ನಿಂತರೆ ಪಾಪ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಪೆರಾಜೆಯಲ್ಲಿ ಯಾರೋ ಸೀಯಾಳದ ಗೊನೆ ತಂದರು, ಅದನ್ನೂ ಟಾಪಿಗೆ ಏರಿಸಿ ಓಡುವ ಬಸ್ಸಿಗೆ ಹಾರಿ ಹತ್ತಿದೆ. ಮಾವ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ನೀವು ಸಪೂರ ಇದ್ರೂ ಆಳು ಭಾರೀ ಗಟ್ಟಿ" ಅಂದರು. "ಆಗಲೇ ನೋಡಿದೆ, ಮುಡಿ ಹೊತ್ತು ಏಣಿ ಹತ್ತಿದ್ರೂ ಒಂದು ಏದುಸಿರಿಲ್ಲ, ಒಂದು ಕೆಮ್ಮಿಲ್ಲ." ಮತ್ತೆ ಧ್ವನಿ ತಗ್ಗಿಸಿದರು. "ಸಾವಿನ ಮನೆಗೆ ಹೋಗುವವ ಕೇಳುವ ಮಾತಲ್ಲ ಇದು. ಆದ್ರೆ ಹೆಣ್ಣು ಹೆತ್ತವ, ಕೇಳದೆ ನಿರ್ವಾಹ ಇಲ್ಲ. ನಿಮಗೆ ಮದುವೆ ಆಗಿದ್ಯಾ?"

"ಇಲ್ಲ" ಅಂದೆ. "ನಿಶ್ಚಯ ಆಗಿದೆ."

"ಛೆ!" ಅಂತ ತೊಡೆಗೆ ಹೊಡೆದುಕೊಂಡರು. "ಎಲ್ಲಿ?"

"ಅರಂತೋಡಿನಲ್ಲಿ."

"ನಮ್ಮ ಅರಂತೋಡಿನಲ್ಲಾ? ನನಗೆ ಗೊತ್ತಿಲ್ಲದೆ? ಯಾರ ಮಗಳು?"

"ನಿಮ್ಮದೇ" ಅಂದೆ.

ಮುಂದೆ ಡ್ರೈವರಿಗೆ ನಗೆ ತಡೆಯಲಿಲ್ಲ. ಬಸ್ಸು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗಿ ರಸ್ತೆಯ ಬದಿಯಲ್ಲಿ ನಿಂತಿತು. ಮಾವ ಎದ್ದು ನಿಂತರು. ನನ್ನ ಕೈ ಮುಟ್ಟಿ ನೋಡಿದರು, ಕೆನ್ನೆ ಮುಟ್ಟಿದರು, ತೋಳನ್ನು ಚಿವುಟಿದರು. ನಾನು ಒಂದೇ ಉಸಿರಿನಲ್ಲಿ ಟೈಫಾಯ್ಡು, ಅಂಗಿ, ಮಡಿವಾಳರು, ಗಂಟು ಎಲ್ಲ ಹೇಳಿದೆ. "ಕ್ಷಯ ಅಲ್ಲ ಮಾವ, ಬೇಕಾದ್ರೆ ಡಾಕ್ಟರ ಹತ್ತಿರ ಹೋಗುವಾ" ಅಂತಲೂ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಕೊಡೆ ಕಂಕುಳಲ್ಲಿ ಇರುಕಿ ಬಸ್ಸಿನಿಂದ ಇಳಿದೇಬಿಟ್ಟರು. ಮದುವೆ ಮುರಿಯಿತು ಅಂತ ನಾನೂ ಹಿಂದೆ ಇಳಿದೆ.

"ಎಲ್ಲಿಗೆ ಮಾವ?"

"ಮನೆಗೆ. ನಡೆದೇ ಹೋಗ್ತೇನೆ. ಮಗಳು ಉಪವಾಸ ಕೂತಿದ್ದಾಳೆ."

"ಹೋಗಿ ಎಂತ ಹೇಳ್ತೀರಿ?"

ಮಾವ ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತು, ನನ್ನನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

"ಎದ್ದು ಅನ್ನ ಉಣ್ಣು ಅಂತ ಹೇಳ್ತೇನೆ. ಸತ್ತವನಿಗಿಂತ ಲಾಯ್ಕದವ ಸಿಕ್ಕಿದ, ಅದೇ ಮುಹೂರ್ತಕ್ಕೆ ಮದುವೆ ಅಂತ ಹೇಳ್ತೇನೆ!"